ಹಳೆಯ ಹತಾರಗಳ ಮುದ್ರೆ ಉಜ್ಜಿ ಅಳಿಸಬೇಡಿ

ಮಾನ್ಯ ಸಂಪಾದಕರೆ,

ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರಿನಲ್ಲಿ, ಶಿವಾಜಿನಗರದ ಗುಜರಿ ಸಾಲಿನಲ್ಲಿ, ಊರೂರಿನ ಸಂತೆಯ ಮೂಲೆಯ ಗೋಣಿತಾಟಿನ ಮೇಲೆ ಹಳೆಯ ಕೈಹತಾರಗಳನ್ನು ಹುಡುಕಿ ಕೊಳ್ಳುವವರು ಈಗ ಕಾಣಸಿಗುತ್ತಾರೆ. ಸಂತೋಷದ ಸಂಗತಿ. ಕೊಳ್ಳುವವರಿಲ್ಲದಿದ್ದರೆ ಇವೆಲ್ಲ ತೂಕದ ಲೆಕ್ಕದಲ್ಲಿ ಕುಲುಮೆಗೇ ಹೋಗುವಂಥವು. ಆದರೆ ಮಾರುವವರು ನಾಲ್ಕು ಕಾಸು ಹೆಚ್ಚು ಬರಲೆಂದು ಡ್ರಿಲ್ಲಿಗೆ ತಂತಿಬ್ರಷ್ ಸಿಕ್ಕಿಸಿ ಕಬ್ಬಿಣವನ್ನು ಬೆಳ್ಳಗೆ ಉಜ್ಜಿಡುತ್ತಾರೆ. ಕೊಂಡವರು ಮನೆಗೆ ಒಯ್ದು ಗ್ರೈಂಡರ್ ಹಿಡಿಯುತ್ತಾರೆ. ತುಕ್ಕಿನ ಜತೆಗೆ ತಯಾರಕರ ಮುದ್ರೆಯೂ ಹೋಗುತ್ತದೆ. ಮುದ್ರೆ ಹೋಯಿತೆಂದರೆ ಅದು ಎಲ್ಲಿಯದು, ಯಾವ ಕಾಲದ್ದು, ಮುರಿದ ಭಾಗಕ್ಕೆ ಯಾವುದರ ಬಿಡಿಭಾಗ ಹೊಂದುತ್ತದೆ ಎಂದು ಹೇಳುವುದು ಕಷ್ಟ. ಮೊದಲು ಗುರುತಿಸಿ, ಆಮೇಲೆ ತೊಳೆಯಿರಿ ಎಂಬ ಒಂದೇ ಮಾತಿಗಾಗಿ ಈ ಪತ್ರ.

ಮರ ಕೀಸಿ ನಯಮಾಡುವ ಕಬ್ಬಿಣದ ಹತ್ತರಿಯನ್ನೇ ತೆಗೆದುಕೊಳ್ಳಿ. ಗುಜರಿಯಲ್ಲಿ ಹೆಚ್ಚಾಗಿ ಸಿಗುವುದು ಅಮೆರಿಕದ ಸ್ಟಾನ್ಲಿ ಕಂಪನಿಯದು, ಇಲ್ಲವೇ ರೆಕಾರ್ಡ್ ಹೆಸರಿನದು. ಸ್ಟಾನ್ಲಿಯ 4ನೇ ನಂಬರ್ ಸುಮಾರು 9 ಇಂಚು ಉದ್ದ, 5ನೇ ನಂಬರ್ 14 ಇಂಚು, 7ನೇ ನಂಬರ್ 22 ಇಂಚು. ಅದೇ ಅಳತೆಗಳಿಗೆ ರೆಕಾರ್ಡ್‌ನವರು ಮುಂದೊಂದು ಸೊನ್ನೆ ಸೇರಿಸಿ 04, 05, 07 ಎಂದು ಬರೆದರು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹ್ಯಾಂಪ್ಟನ್ ಕಂಪನಿ ರೆಕಾರ್ಡ್ ಹತ್ತರಿಗಳನ್ನು ಮಾಡತೊಡಗಿದ್ದು 1931ರಲ್ಲಿ. ಹಾಗಾಗಿ ಅದಕ್ಕಿಂತ ಹಳೆಯ ರೆಕಾರ್ಡ್ ಹತ್ತರಿ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಸ್ಟಾನ್ಲಿಯ ವಯಸ್ಸು ತಿಳಿಯಬೇಕೆಂದರೆ ಅಲಗನ್ನು ಅದುಮಿ ಹಿಡಿಯುವ ಮೇಲಿನ ಲಿವರ್ ಕ್ಯಾಪ್ ಮತ್ತು ಅಲಗನ್ನು ಎತ್ತಿಟ್ಟು, ಅಲಗು ಒರಗುವ ಓರೆ ತುಂಡಿನ ಹಿಂಬದಿಯ ತಳವನ್ನು ನೋಡಿ. ನೂರು ವರ್ಷದ ಮರದ ಹುಡಿ, ಎಣ್ಣೆ ಸೇರಿ ಅಲ್ಲಿ ಕರಿ ಮೇಣದಂತೆ ಕಟ್ಟಿರುತ್ತದೆ. ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಹಳೆಯ ಹಲ್ಲುಬ್ರಷ್ಷಿನಿಂದ ತಿಕ್ಕಿದರೆ ಎರಕದಲ್ಲೇ ಮೂಡಿದ ಸಣ್ಣ ಅಕ್ಷರಗಳು ಒಂದೊಂದಾಗಿ ಏಳುತ್ತವೆ: ಮಾರ್ಚ್ 25, 02, ಆಗಸ್ಟ್ 19, 02, ಏಪ್ರಿಲ್ 19, 10. ಇವು ಪೇಟೆಂಟಿನ ದಿನಾಂಕಗಳೇ ಹೊರತು ತಯಾರಾದ ದಿನಾಂಕಗಳಲ್ಲ. ಮೂರೂ ಇದ್ದರೆ ಹತ್ತರಿ 1910ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅರ್ಥ. ಮುಂದಿನ ಗುಂಡುಹಿಡಿ ಕೂರುವ ಜಾಗದ ಸುತ್ತ ಉಬ್ಬಿದ ಬಳೆ ಇದ್ದರೆ 1930ರ ಆಸುಪಾಸು ಅಥವಾ ನಂತರದ್ದು. ಲಿವರ್ ಕ್ಯಾಪಿನ ತೂತು ಬೀಗದ ಕೈಯ ತೂತಿನಂತಿದ್ದರೆ ಹಳೆಯದು, ಮೂತ್ರಪಿಂಡದ ಆಕಾರದ್ದಾದರೆ 1933ರಿಂದ ಈಚಿನದು. ಅಲಗಿನ ಮೇಲಿನ ಮುದ್ರೆಯೊಂದನ್ನೇ ನೋಡಿ ವಯಸ್ಸು ಕಟ್ಟಬೇಡಿ. ಅಲಗು ಸವೆದಾಗ ಬೇರೆ ಹಾಕುವುದು ಬಡಗಿಗಳ ರೂಢಿ.

ಕೊಳ್ಳುವ ಮುಂಚೆ ಅಲಗು ತೆಗೆದು, ಹತ್ತರಿಯನ್ನು ಒಂದು ಬೆರಳಿನ ಮೇಲೆ ತೂಗಿಸಿ ಕೀಲಿಕೈಯಿಂದ ಮೆಲ್ಲಗೆ ತಟ್ಟಿ. ಗಣ್ಣೆಂದರೆ ಸರಿ, ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ಅಲಗು ಹೊರಚಾಚುವ ತಳದ ಸೀಳಿನ, ಅಂದರೆ ಬಾಯಿಯ, ಎರಡು ಮೂಲೆಗಳಿಂದ ಪಕ್ಕದ ಗೋಡೆಗೆ ಹತ್ತುವ ಕೂದಲೆಳೆಯ ಬಿರುಕನ್ನು ವಿಶೇಷವಾಗಿ ನೋಡಿ. ಎರಕದ ಕಬ್ಬಿಣ ಬಗ್ಗುವುದಿಲ್ಲ, ನೆಲಕ್ಕೆ ಬಿದ್ದರೆ ಒಡೆಯುತ್ತದೆ. ಸ್ಕ್ರೂ ಕಳೆದುಹೋಗಿದ್ದರೆ ಹಾರ್ಡ್‌ವೇರ್ ಅಂಗಡಿಯ 6 ಎಂಎಂ ಬೋಲ್ಟನ್ನು ತಿರುಪಿ ಕೂರಿಸಲು ಹೋಗಬೇಡಿ. ಸ್ಟಾನ್ಲಿಯ ಹಿಡಿಯ ಬೋಲ್ಟಿಗೆ ಇಂಚಿಗೆ 20 ತಿರುಪಿನ ಎಳೆ, ಲಿವರ್ ಕ್ಯಾಪಿನ ಸ್ಕ್ರೂಗೆ ಇಂಚಿಗೆ 24 ಎಳೆ. ಎರಡೂ ಸಾಮಾನ್ಯ ಅಂಗಡಿಗಳಲ್ಲಿ ಸಿಗದ ಅಳತೆಗಳು. ತಪ್ಪು ಬೋಲ್ಟ್ ಎರಡು ಸುತ್ತು ಹೋಗಿ ಒಳಗಿನ ಎಳೆಯನ್ನು ತಿಂದುಹಾಕುತ್ತದೆ. ಒಡೆದ ಹತ್ತರಿ ಸಿಕ್ಕರೆ ಬಿಡಬೇಡಿ, ಸ್ಕ್ರೂಗಳಿಗಾಗಿಯೇ ಅದನ್ನು ಕೊಳ್ಳಬಹುದು.

ಉಳಿ ಮತ್ತು ಮರದ ಹತ್ತರಿಯ ಅಲಗುಗಳ ಮೇಲೆ ‘ಕ್ಯಾಸ್ಟ್ ಸ್ಟೀಲ್’ ಎಂದಿರುವುದನ್ನು ಕಂಡು ಬೀಡುಕಬ್ಬಿಣವೆಂದು ಬಿಸಾಡುವವರಿದ್ದಾರೆ. ಅದು ಮೂಸೆಯಲ್ಲಿ ಕರಗಿಸಿದ ಉಕ್ಕು, ಶೆಫೀಲ್ಡಿನ ಒಳ್ಳೆಯ ಅಲಗುಗಳೆಲ್ಲ ಒಂದು ಕಾಲದಲ್ಲಿ ಅದರವೇ. ಹಳೆಯ ಅಲಗುಗಳಲ್ಲಿ ಮೆದುಕಬ್ಬಿಣದ ಬೆನ್ನಿಗೆ ತೆಳ್ಳನೆಯ ಉಕ್ಕನ್ನು ಕಾಯಿಸಿ ಬೆಸೆದಿರುತ್ತಾರೆ. ಓರೆಯನ್ನು ಸಾಣೆಕಲ್ಲಿನ ಮೇಲೆ ಎರಡು ಸಲ ಎಳೆದರೆ ಎರಡು ಬಣ್ಣದ ನಡುವಿನ ಗೆರೆ ಕಾಣುತ್ತದೆ. ಇಂಥ ಅಲಗನ್ನು ಗ್ರೈಂಡರಿಗೆ ಒತ್ತಿ ಹಿಡಿದು ಅಂಚು ನೀಲಿಗಟ್ಟಿತೆಂದರೆ ಹದ ಹೋಯಿತು. ಆ ನೀಲಿ ಮುಗಿಯುವವರೆಗೆ ಕಲ್ಲಿನ ಮೇಲೆ ಕೈಯಲ್ಲೇ ಸವೆಸಬೇಕು.

ಮರದ ಹತ್ತರಿಯ ಮೂತಿಯ ಮೇಲೆ ಊರಿನ ಹೆಸರಿನೊಂದಿಗೆ ಒಮ್ಮೆ ಒತ್ತಿದ ಮುದ್ರೆ ಸಾಮಾನ್ಯವಾಗಿ ತಯಾರಕರದ್ದು. ಊರಿಲ್ಲದೆ ಎರಡು ಮೂರು ಕಡೆ ಒತ್ತಿದ್ದು ಬಳಸಿದ ಬಡಗಿಯದ್ದು. ಅದನ್ನು ಮರಳುಕಾಗದದಿಂದ ಕೆರೆಯುವುದು ಅವರ ಕೈಬರಹ ಅಳಿಸಿದಂತೆ. ನಮ್ಮಲ್ಲಿ ಬೀಟೆ, ಹೊನ್ನೆ, ತೇಗದ ಮೈಯನ್ನು ಆಚಾರಿಗಳೇ ಕೆತ್ತಿಕೊಂಡು ಅಲಗನ್ನು ಮಾತ್ರ ಶೆಫೀಲ್ಡಿನದು ಹಾಕಿದ್ದುಂಟು. ಎರಡೂ ಹೊಂದುವುದಿಲ್ಲವೆಂದು ನಕಲಿ ಎನ್ನುವ ಹಾಗಿಲ್ಲ, ಅದೇ ಇಲ್ಲಿಯ ಅಸಲಿ.

ಗರಗಸದ ಹಿಡಿಯ ಹಿತ್ತಾಳೆ ಬಿಲ್ಲೆಯಲ್ಲಿ ‘ವಾರಂಟೆಡ್ ಸುಪೀರಿಯರ್’ ಎಂದಷ್ಟೇ ಇದ್ದರೆ ಅದು ತಯಾರಕರ ಹೆಸರಲ್ಲ, ಎಷ್ಟೋ ಕಾರ್ಖಾನೆಗಳು ಬಳಸಿದ ಸಿದ್ಧ ಬಿಲ್ಲೆ. ಹೆಸರು ತಗಡಿನ ಮೇಲೆ ತೆಳ್ಳಗೆ ಕೊರೆದಿರಬಹುದು. ಚಪ್ಪಟೆ ಮರದ ತುಂಡಿಗೆ 400ರ ವಾಟರ್ ಪೇಪರ್ ಸುತ್ತಿ, ಸೀಮೆಎಣ್ಣೆ ಹಾಕಿ ಹಗುರವಾಗಿ ತೀಡಿದರೆ ಕೊರೆದ ಜಾಗ ಕಪ್ಪಾಗಿ ಉಳಿದು ಅಕ್ಷರ ಓದಲು ಬರುತ್ತದೆ. ತಂತಿಬ್ರಷ್ ತಾಗಿಸಿದರೆ ಆ ಕಪ್ಪೇ ಹೋಗುತ್ತದೆ.

ಸ್ಪ್ಯಾನರುಗಳ ವಿಷಯದಲ್ಲಿ ದಿನಾ ಆಗುವ ತಪ್ಪೊಂದಿದೆ. ಹಳೆಯ ಇಂಗ್ಲಿಷ್ ಸ್ಪ್ಯಾನರಿನ ಮೇಲೆ ‘1/4 ಡಬ್ಲ್ಯೂ’ ಎಂದಿದ್ದರೆ ಕಾಲು ಇಂಚು ಎಂಬುದು ಬೋಲ್ಟಿನ ದಪ್ಪ, ಸ್ಪ್ಯಾನರಿನ ಬಾಯಿಯದಲ್ಲ. ಬಾಯಿ ಅರ್ಧ ಇಂಚಿಗೂ ಮಿಗಿಲು, 0.525 ಇಂಚು, ಅಂದರೆ 13.3 ಎಂಎಂ. ಇದು ವಿಟ್‌ವರ್ತ್ ಎಂಬ ಹಳೆಯ ಇಂಗ್ಲಿಷ್ ಬೋಲ್ಟಿನ ಅಳತೆ. 13ರ ಸ್ಪ್ಯಾನರ್ ಈ ನಟ್ಟಿಗೆ ಕೂರುವುದಿಲ್ಲ, 14ರದು ಕೂತು ಮೂಲೆಗಳನ್ನು ದುಂಡಗೆ ಮಾಡುತ್ತದೆ. ಹಳೆಯ ಬುಲೆಟ್ ಬೈಕ್ ಇಟ್ಟುಕೊಂಡವರಿಗೆ ಇವು ಈಗಲೂ ಬೇಕು. ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ಡಿಗಳಿಗೆ ಎಂಎಂ ಸ್ಪ್ಯಾನರೇ ಸರಿ.

ಸುತ್ತಿಗೆ, ಹಾರೆ, ಇಕ್ಕಳಗಳ ಮೇಲೆ ರೈಲ್ವೆಯ ಅಕ್ಷರಗಳಿರುತ್ತವೆ. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಹುಟ್ಟಿದ್ದು 1908ರಲ್ಲಿ. 1951ರ ಏಪ್ರಿಲ್ 14ರಂದು ಅದೂ ಮೈಸೂರು ರೈಲ್ವೆಯೂ ದಕ್ಷಿಣ ರೈಲ್ವೆಯೊಳಗೆ ಸೇರಿದವು. ಆ ಕಂಪನಿಯ ‘ಎಂ ಅಂಡ್ ಎಸ್‌ಎಂ’ ಅಕ್ಷರವಿರುವ ಸುತ್ತಿಗೆಗೆ ಹೀಗೆ ತಾನಾಗಿ 43 ವರ್ಷದ ಗಡಿ ಸಿಕ್ಕುತ್ತದೆ. ಇಷ್ಟು ನಿಖರವಾದ ಸಾಕ್ಷಿಯನ್ನು ಹೊಳಪಿಗಾಗಿ ಉಜ್ಜುವುದು ನಿಜಕ್ಕೂ ನೋವಿನ ವಿಚಾರ.

ತೊಳೆಯುವ ಬಗೆ ಹೀಗೆ. ಮುದ್ರೆಗಳ ಫೋಟೋವನ್ನು ಓರೆ ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ. ಹಿಡಿ, ಹಿತ್ತಾಳೆ ಭಾಗಗಳನ್ನು ಕಳಚಿ. ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕರಗಿಸಿ ಕಬ್ಬಿಣ ಪೂರ್ತಿ ಮುಳುಗುವಂತೆ ಇಡಿ. ಅರ್ಧ ಮುಳುಗಿದರೆ ನೀರಿನ ಮಟ್ಟದಲ್ಲಿ ಗೆರೆ ತಿಂದು ಕಲೆ ಉಳಿಯುತ್ತದೆ. ಗಂಟೆಗೊಮ್ಮೆ ತೆಗೆದು ಬ್ರಷ್ ಆಡಿಸಿ ನೋಡಿ. ತುಕ್ಕು ಬಿಟ್ಟೊಡನೆ ಎತ್ತಿ, ಏಕೆಂದರೆ ಆಸಿಡ್ ಅಲ್ಲಿಗೆ ನಿಲ್ಲದೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ತೊಳೆದು, ಕೂಡಲೇ ಒರೆಸಿ ಬಿಸಿಲಿಗಿಟ್ಟು ಮೆಷಿನ್ ಆಯಿಲ್ ಹಚ್ಚಿ. ಅಗಸೆ, ಕಡಲೆಕಾಯಿ ಎಣ್ಣೆಗಳು ಕಾಲ ಹೋದಂತೆ ಅಂಟಾಗುತ್ತವೆ. ಬಚ್ಚಲು ತೊಳೆಯುವ ಆಸಿಡ್ಡಿನಲ್ಲಿ ಮಾತ್ರ ಎಂದೂ ಅದ್ದಬೇಡಿ. ಅದು ಮೈಯೆಲ್ಲ ಗುಳಿ ಹಾಕುತ್ತದೆ, ಹದಗೊಳಿಸಿದ ಗರಗಸದ ತಗಡು, ಸ್ಪ್ರಿಂಗುಗಳನ್ನು ಪೆಡಸಾಗಿಸಿ ಮುರಿಯುತ್ತದೆ, ಅದರ ಹಬೆಗೆ ಪಕ್ಕದಲ್ಲಿಟ್ಟ ಹತಾರಗಳೂ ತುಕ್ಕು ಹಿಡಿಯುತ್ತವೆ.

ಕಡೆಯದಾಗಿ, ಹಳೆಯ ವರ್ಕ್‌ಶಾಪು, ತೋಟದ ಉಗ್ರಾಣಗಳನ್ನು ಲಾಟ್ ಕಟ್ಟಿ ಹರಾಜು ಹಾಕುವವರಲ್ಲಿ ಒಂದು ವಿನಂತಿ. ತೂಕಕ್ಕೆ ಹಾಕುವ ಮುನ್ನ ಅಕ್ಷರ ಮೂಡಿದ ಹತಾರಗಳನ್ನು ಒಂದು ಪಕ್ಕಕ್ಕೆ ಆರಿಸಿಡಿ, ಯಾವ ಜಾಗದ್ದೆಂದು ಒಂದು ಚೀಟಿ ಕಟ್ಟಿ. ನಮ್ಮ ಕಮ್ಮಾರರು ಬಡಿದ ಬಾಚಿ, ಕತ್ತಿ, ಬೈರಿಗೆಗಳಲ್ಲಿ ಮುದ್ರೆಯೇ ಇರುವುದಿಲ್ಲವಾದ್ದರಿಂದ ಅವುಗಳಿಗಂತೂ ಆ ಚೀಟಿಯೇ ಗುರುತು: ಯಾವ ಊರು, ಯಾವ ಕೆಲಸಕ್ಕೆ, ಅಲ್ಲಿಯವರು ಅದನ್ನು ಏನೆಂದು ಕರೆಯುತ್ತಿದ್ದರು. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಎಣ್ಣೆ ತಾಗಿದರೆ ಶಾಯಿ ಹರಡುತ್ತದೆ.

– ಒಬ್ಬ ಓದುಗ, ಬೆಂಗಳೂರು