ಕೊಬ್ಬರಿ ಚೀಲದ ನೀಲಿ ದುಂಬಿ: ಸದಸ್ಯರ ಗಮನಕ್ಕೆ

ತಿಪಟೂರು, ಅರಸೀಕೆರೆ ಕಡೆಯ ಸದಸ್ಯರೇ, ಸುಲಿದು ಚೀಲಕ್ಕೆ ತುಂಬಿಟ್ಟ ಉಂಡೆ ಕೊಬ್ಬರಿಯನ್ನು ಒಮ್ಮೆ ಸುರಿದು ನೋಡಿ. ಅಕ್ಕಿಕಾಳಿನಷ್ಟು ಉದ್ದದ, ಮಿರಮಿರನೆ ಹೊಳೆಯುವ ನೀಲಿ-ಹಸಿರು ಮೈ, ಕೆಂಗಂದು ಕಾಲುಗಳ ದುಂಬಿ ಸರಸರನೆ ಓಡಿದರೆ ಅದು ನೆಕ್ರೋಬಿಯಾ ರುಫಿಪೆಸ್. ಚೌಕಳಿ ದುಂಬಿಗಳ ಕುಟುಂಬದ್ದೇ, ಆದರೆ ಬೆನ್ನಿನ ಮೇಲೆ ಚೌಕಳಿಯಿಲ್ಲ.

ಈ ಕುಟುಂಬದ ಬಹಳಷ್ಟು ದುಂಬಿಗಳು ಮರ ಕೊರೆಯುವ ಹುಳುಗಳನ್ನು ತಿಂದು ಉಪಕಾರವನ್ನೇ ಮಾಡುತ್ತವೆ. ತೋಟದಲ್ಲಿ ಕಂಡರೆ ದಯವಿಟ್ಟು ಕೊಲ್ಲಬೇಡಿ. ಈ ನೀಲಿ ದುಂಬಿ ಮಾತ್ರ ಕೊಬ್ಬರಿಗೂ ಒಣಮೀನಿಗೂ ಬಾಯಿ ಹಾಕುತ್ತದೆ. ಮರಿಹುಳು ಕೊಬ್ಬರಿಯನ್ನು ಕೊರೆದು ಒಳಗೇ ಬೆಳೆಯುತ್ತದೆ. ತೇವ, ಬೂಷ್ಟು ಇದ್ದಲ್ಲಿ ಹಾವಳಿ ಹೆಚ್ಚು. ತೇವಾಂಶ ಶೇ 6 ಮೀರದಂತೆ ಒಣಗಿಸಿ, ಒಡೆದ ಹೋಳುಗಳನ್ನು ಬೇರೆಯಿಡಿ. ತಿನ್ನುವ ಕೊಬ್ಬರಿಗೆ ಕೀಟನಾಶಕ ಬೇಡವೇ ಬೇಡ. ಕಂಡವರು ಚಿತ್ರ ತೆಗೆದು, ಊರಿನ ಹೆಸರು ಬರೆದು ಗುಂಪಿಗೆ ಹಾಕಿ.