ಡೆನ್ಮಾರ್ಕ್‌ನ ಗೆಲುವಿನ ಲೆಕ್ಕ

ಮಾನ್ಯ ಸಂಪಾದಕರೇ,

ತೀವ್ರ ಬಲಪಂಥೀಯರ ಏರಿಕೆಯನ್ನು ತಡೆಯಬೇಕಾದರೆ ವಲಸೆಯ ವಿಷಯದಲ್ಲಿ ಅವರಷ್ಟೇ ಬಿಗಿಯಾಗಬೇಕು, ಡೆನ್ಮಾರ್ಕ್ ಇದನ್ನು ಮಾಡಿ ತೋರಿಸಿದೆ ಎಂಬ ವಾದ ಯುರೋಪಿನ ಮಧ್ಯಮ ಎಡಪಂಥದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷಗಳ ಒಳಗೂ ಹೊರಗೂ ಬಲವಾಗಿ ಕೇಳಿಬರುತ್ತಿದೆ. ಆ ದೇಶದ ಮತಲೆಕ್ಕವನ್ನು ನಿಧಾನವಾಗಿ ನೋಡಿದರೆ ಇದು ಅರ್ಧಸತ್ಯವೆಂದು ತಿಳಿಯುತ್ತದೆ.

2015ರಲ್ಲಿ ಡೆನ್ಮಾರ್ಕ್‌ನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ನಾಯಕತ್ವ ವಹಿಸಿಕೊಂಡ ಮೆಟೆ ಫ್ರೆಡೆರಿಕ್ಸೆನ್ ಅವರು ಆಶ್ರಯ ಕೋರಿ ಬರುವವರ ಬಗ್ಗೆ ಕಠಿಣ ನಿಲುವು ತಳೆದರು. 2019ರ ಚುನಾವಣೆಯಲ್ಲಿ ವಲಸೆ ವಿರೋಧಿ ಡ್ಯಾನಿಶ್ ಪೀಪಲ್ಸ್ ಪಾರ್ಟಿಯ ಮತಪ್ರಮಾಣ ಶೇ 21.1ರಿಂದ ಶೇ 8.7ಕ್ಕೆ ಕುಸಿಯಿತು, ಫ್ರೆಡೆರಿಕ್ಸೆನ್ ಪ್ರಧಾನಿಯಾದರು. ಸಾಮಾನ್ಯವಾಗಿ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದೇ ಚುನಾವಣೆಯಲ್ಲಿ ಅವರ ಸ್ವಂತ ಪಕ್ಷದ ಪಾಲು ಶೇ 26.3ರಿಂದ ಶೇ 25.9ಕ್ಕೆ ಇಳಿದಿತ್ತು, ಎಡಪಂಥೀಯ ಸೋಷಿಯಲಿಸ್ಟ್ ಪೀಪಲ್ಸ್ ಪಾರ್ಟಿ ಮತ್ತು ಮಧ್ಯಮಪಂಥೀಯ ಸೋಷಿಯಲ್ ಲಿಬರಲ್ ಪಕ್ಷಗಳ ಪಾಲು ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು, ಮತ್ತು ಇಂಥ ಮಿತ್ರಪಕ್ಷಗಳ ಬೆಂಬಲದಿಂದಲೇ ಸರ್ಕಾರ ನಿಂತಿತು. 2022ರಲ್ಲಿ ಫ್ರೆಡೆರಿಕ್ಸೆನ್ ಪಕ್ಷ ಶೇ 27.5ಕ್ಕೆ ಏರಿತು, ನಿಜ. ಅದೇ ವರ್ಷ ವಲಸೆ ವಿರೋಧಿ ಮತಗಳು ಡೆನ್ಮಾರ್ಕ್ ಡೆಮಾಕ್ರಟ್ಸ್ ಎಂಬ ಹೊಸ ಪಕ್ಷದಲ್ಲಿ ನೆಲೆ ಕಂಡುಕೊಂಡು ಅದಕ್ಕೆ ಶೇ 8.1ರಷ್ಟು ಪಾಲು ತಂದುಕೊಟ್ಟವು. 2025ರ ನವೆಂಬರ್‌ನ ಸ್ಥಳೀಯ ಚುನಾವಣೆಯಲ್ಲಂತೂ, ನೂರು ವರ್ಷಕ್ಕೂ ಹೆಚ್ಚು ಕಾಲ ಅವರ ಪಕ್ಷದ ಕೈಯಲ್ಲಿದ್ದ ಕೋಪನ್‌ಹೇಗನ್ ನಗರದ ಮೇಯರ್ ಸ್ಥಾನ ಸೋಷಿಯಲಿಸ್ಟ್ ಪೀಪಲ್ಸ್ ಪಾರ್ಟಿಯ ಪಾಲಾಯಿತು.

ಈ ಕತೆಯ ಇನ್ನೊಂದು ಮುಖದ ಬಗ್ಗೆ ಮಾತನಾಡುವವರು ಕಡಿಮೆ. ಎಳೆಯ ವಯಸ್ಸಿನಿಂದ ದುಡಿದು ದೇಹ ಸವೆಸಿದ ಕಾರ್ಮಿಕರು ಬೇಗ ನಿವೃತ್ತರಾಗಲು ಅವಕಾಶ ಕೊಡುವೆವೆಂದು ಫ್ರೆಡೆರಿಕ್ಸೆನ್ ಮಾತು ಕೊಟ್ಟಿದ್ದರು, 2020ರಲ್ಲಿ ಅದನ್ನು ಉಳಿಸಿಕೊಂಡರು. ಆಮೇಲೆ, ಮಧ್ಯಮ ಬಲಪಂಥೀಯರ ಜೊತೆ ಸೇರಿ ರಚಿಸಿದ ಸರ್ಕಾರ ರಕ್ಷಣಾ ವೆಚ್ಚಕ್ಕೆಂದು ಒಂದು ಸಾರ್ವಜನಿಕ ರಜೆಯನ್ನೇ ರದ್ದುಮಾಡಿತು. ನಿವೃತ್ತಿ ವಯಸ್ಸನ್ನು 2040ರಿಂದ 70ಕ್ಕೆ ಏರಿಸುವ ಕಾಯ್ದೆ 2025ರಲ್ಲಿ ಅಂಗೀಕಾರವಾಯಿತು. ದುಡಿಯುವವರು ಇದನ್ನು ಗಮನಿಸುವುದಿಲ್ಲವೇ? ಕಾರ್ಮಿಕ ಸಂಘಟನೆಯಲ್ಲಿ ಬಹಳ ವರ್ಷ ಕಳೆದ ನನಗೆ ಹಾಗೆ ನಂಬುವುದು ಕಷ್ಟ.

ಜರ್ಮನಿಯ ಅನುಭವವೂ ಇದನ್ನೇ ಹೇಳುತ್ತದೆ. 1998ರಲ್ಲಿ ಶೇ 40.9ರಷ್ಟು ಮತ ಗಳಿಸಿದ್ದ ಅಲ್ಲಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಎಸ್‌ಪಿಡಿ, ಅದರ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಅವರು 2003ರಲ್ಲಿ ತಂದ ‘ಅಜೆಂಡಾ 2010’ರ ಮೂಲಕ ನಿರುದ್ಯೋಗಿಗಳ ನೆರವಿಗೆ ಕತ್ತರಿ ಹಾಕಿತು. ಸಿಟ್ಟಿಗೆದ್ದ ಕಾರ್ಮಿಕ ಮುಖಂಡರು ಪಕ್ಷ ತೊರೆದರು. ಅವರ ಗುಂಪು 2007ರಲ್ಲಿ ಎಡಪಕ್ಷದಲ್ಲಿ ವಿಲೀನವಾಯಿತು. 2009ರ ಹೊತ್ತಿಗೆ ಎಸ್‌ಪಿಡಿಯ ಮತಪ್ರಮಾಣ ಶೇ 23 ಆಗಿತ್ತು, ಮತ್ತು ಆಗಿನ್ನೂ ತೀವ್ರ ಬಲಪಂಥೀಯ ಪಕ್ಷ ಎಎಫ್‌ಡಿ ಹುಟ್ಟಿಯೇ ಇರಲಿಲ್ಲ. 2021ರಲ್ಲಿ ಎಸ್‌ಪಿಡಿಯ ಓಲಾಫ್ ಶೋಲ್ಜ್ ಅವರು ದುಡಿಮೆಗೆ ಗೌರವ, ಗಂಟೆಗೆ 12 ಯೂರೊ ಕನಿಷ್ಠ ವೇತನ ಎಂದು ಮತ ಕೇಳಿ ಶೇ 25.7 ಪಡೆದು ಮೊದಲ ಸ್ಥಾನಕ್ಕೆ ಬಂದರು. ವೇತನದ ಮಾತನ್ನು ಉಳಿಸಿಕೊಂಡರು, ಆದರೆ ಅವರ ಸರ್ಕಾರ ಬಜೆಟ್ ಜಗಳದಲ್ಲಿ ಮುರಿದುಬಿತ್ತು. 2025ರಲ್ಲಿ ಪಕ್ಷಕ್ಕೆ ಉಳಿದದ್ದು ಶೇ 16.4.

ಸ್ಪೇನ್‌ನ ದಾರಿ ಬೇರೆ. ಸೋಷಿಯಲಿಸ್ಟ್ ನಾಯಕ ಪೆದ್ರೊ ಸ್ಯಾಂಚೆಸ್ ಅವರ ಸರ್ಕಾರ 2019ರಲ್ಲಿ ಕನಿಷ್ಠ ವೇತನವನ್ನು ಒಂದೇ ಬಾರಿಗೆ ಶೇ 22ರಷ್ಟು ಏರಿಸಿತು, ಮುಂದೆಯೂ ಏರಿಸುತ್ತಾ ಬಂತು. 2023ರಲ್ಲಿ ಅವರ ಪಕ್ಷದ ಪಾಲು ಶೇ 28ರಿಂದ ಶೇ 31.7ಕ್ಕೆ ಹೆಚ್ಚಿತು. ಅವರು ಮೊದಲ ಸ್ಥಾನ ಗಳಿಸಲಿಲ್ಲ, ಪ್ರಾದೇಶಿಕ ಪಕ್ಷಗಳ ಆಸರೆಯಿಂದ ಅಧಿಕಾರ ಉಳಿಸಿಕೊಂಡರು ಎಂಬುದನ್ನೂ ಹೇಳಬೇಕು. ಅಲ್ಲಿನ ಯುವಜನರು ಈಗ ಮನೆ ಬಾಡಿಗೆಯ ವಿರುದ್ಧ ಬೀದಿಗಿಳಿದಿದ್ದಾರೆ. ವೇತನದ ಏರಿಕೆಯನ್ನು ಬಾಡಿಗೆ ನುಂಗುತ್ತಿರುವಾಗ ಸ್ಯಾಂಚೆಸ್ ಮೊದಲು ಉತ್ತರಿಸಬೇಕಾದದ್ದು ಈ ಯುವಜನರಿಗೆ.

– ಓದುಗ, ದಾವಣಗೆರೆ