ನಿಂತ ಪಿಕಪ್‌ಗೆ ಸೆಲ್ಫ್ ಹೊಡೆಯುವ ಮುನ್ನ

ಮಾನ್ಯ ಸಂಪಾದಕರೇ,

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಆವಕ ಇಳಿದ ಮೇಲೆ ಹಾವೇರಿ, ಗದಗ, ನವಲಗುಂದ ಕಡೆಯ ಎಷ್ಟೋ ಹಳೆಯ ಪಿಕಪ್‌ಗಳು ಹಿತ್ತಲಿನ ಪತ್ರಾ ಶೆಡ್ಡಿನಲ್ಲೋ ಬೇವಿನ ಗಿಡದ ಕೆಳಗೋ ನಿಂತುಬಿಡುತ್ತವೆ. ಮತ್ತೆ ಅವುಗಳ ನೆನಪಾಗುವುದು ಹೆಸರುಕಾಳಿನ ರಾಶಿಯಾಗಿ ಚೀಲ ತುಂಬಿದಾಗ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೊರಡಬೇಕೆಂದು ನಸುಕಿನಲ್ಲಿ ಕೀಲಿ ತಿರುವಿದರೆ ಗಾಡಿ ಚಾಲೂ ಆಗುವುದಿಲ್ಲ. ಮುಂದೆ ನಡೆಯುವುದು ಎಲ್ಲ ಊರಲ್ಲೂ ಒಂದೇ: ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆಯುತ್ತಾರೆ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುತ್ತಾರೆ, ಆಮೇಲೆ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತರುತ್ತಾರೆ. ಅದಕ್ಕೂ ಗಾಡಿ ಒಲಿಯದಿದ್ದಾಗ ಡೀಸೆಲ್ ಕಡೆ ಕಣ್ಣು ಹೋಗುತ್ತದೆ. ಅಷ್ಟರೊಳಗೆ ಸೆಲ್ಫ್ ಮೋಟಾರು ಕಾದು ಅರ್ಧ ಕೆಟ್ಟಿರುತ್ತದೆ. ಈ ನಷ್ಟ ಪೂರ್ತಿ ತಪ್ಪಿಸಬಹುದಾದದ್ದು. ಅದಕ್ಕೇ ಈ ಪತ್ರ.

ಮೊದಲು ಬಾನೆಟ್ ಎತ್ತಿ ಕೀಲಿ ಮುಟ್ಟದೆ ನೋಡಬೇಕು. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ಒಳಗೆ ನೀರು ಸೇರಿದೆ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಪಂಪಿನಿಂದ ಡೀಸೆಲ್ ಕೆಳಗೆ ಇಳಿದಿದೆ. ಎರಡರಲ್ಲಿ ಯಾವುದಿದ್ದರೂ ಎಂಜಿನ್ ತಿರುಗಿಸಬಾರದು. ಮಲಪ್ರಭೆ, ವರದಾ ದಂಡೆಯ ಊರುಗಳಲ್ಲಿ ನೆರೆ ನೀರು ಹೊಕ್ಕ ಗಾಡಿಗಂತೂ ಈ ಎಚ್ಚರ ಕಡ್ಡಾಯ. ಪಿಸ್ಟನ್ ಮೇಲೆ ನೀರು ನಿಂತಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ಸೆಲ್ಫ್ ಹೊಡೆದ ಮೊದಲ ಸುತ್ತಿಗೇ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಅಂಥ ಗಾಡಿಯ ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಇಲ್ಲವೇ ಹೀಟರ್ ಪ್ಲಗ್ (ಸಿಲಿಂಡರ್ ಬಿಸಿ ಮಾಡುವ ಭಾಗ) ಬಿಚ್ಚಿ, ಕ್ರ್ಯಾಂಕ್ ಪುಲಿಯ ನಟ್ಟಿಗೆ ಪಾನಾ ಹಾಕಿ, ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಕಾಳಿನ ಚೀಲಗಳ ಪಕ್ಕ ನಿಂತ ಗಾಡಿಯಲ್ಲಿ ಇಲಿ ವೈರು ಕಡಿಯದೆ ಬಿಡುವುದು ಕಡಿಮೆ. ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು, ಸೈಲೆನ್ಸರ್ ಬಾಯಲ್ಲಿ ಕುಂಬಾರ ಹುಳದ ಮಣ್ಣು ಇದೆಯೇ ಎಂದೂ ನೋಡಿಬಿಡಿ. ಎರಡು ನಿಮಿಷದ ಕೆಲಸ.

ಇನ್ನು ಬ್ಯಾಟರಿ. ನಾಲ್ಕೈದು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಪಿಕಪ್ ಇಟ್ಟವರ ಮನೆಯಲ್ಲಿ ಇರಲೇಬೇಕು. ಗಾಡಿ ಬಂದ್ ಇದ್ದಾಗ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧ, 11.8ರ ಕೆಳಗೆ ಖಾಲಿ. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಅಥವಾ ಎಂಜಿನ್ ಬಿಗಿಯಾಗಿ ಕರೆಂಟು ಹೆಚ್ಚು ಎಳೆಯುತ್ತಿದೆ. ಬ್ಯಾಟರಿ ಇಳಿದಿದೆ ಎಂದಾಕ್ಷಣ ಅದು ಸತ್ತಿದೆ ಎಂದಲ್ಲ. ಗಾಡಿ ಬಂದ್ ಇದ್ದರೂ ಟೇಪು, ಆಮೇಲೆ ಹಾಕಿಸಿದ ದೀಪ, ಜಿಪಿಎಸ್ ಎಲ್ಲ ಸೇರಿ 50 ಮಿಲಿಆಂಪ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ: ದಿನಕ್ಕೆ 1.2 ಆಂಪಿಯರ್ ಅವರ್, ತಿಂಗಳಿಗೆ 36. ಅಂದರೆ 70 ಆಂಪಿಯರ್ ಅವರ್ ಬ್ಯಾಟರಿ ಎರಡೇ ತಿಂಗಳಲ್ಲಿ ಬರಿದು. ಅದನ್ನು 7 ಆಂಪಿಯರಿನಂತೆ ಹತ್ತು ಹನ್ನೆರಡು ತಾಸು ನಿಧಾನ ಚಾರ್ಜ್ ಮಾಡಿಸಿ ನೋಡಬೇಕು. ತಾಸೊಪ್ಪತ್ತಿನಲ್ಲಿ ಮಾಡುವ ಜೋರು ಚಾರ್ಜಿನಿಂದ ಹಳೆಯ ಪ್ಲೇಟು ಕಾದು ಉದುರುತ್ತದೆ. ನೀರು ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಆಸಿಡ್ ಅಲ್ಲ. ಚಾರ್ಜಾದ ಮೇಲೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಆರು ಸೆಲ್ಲಿಗೂ 1.250ರ ಮೇಲೆ ಬಂದರೆ ಬ್ಯಾಟರಿ ಗಟ್ಟಿಯಿದೆ. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050ರಷ್ಟು ಹಿಂದೆ ಬಿದ್ದರೆ ಆಗ ಹೊಸದು ತನ್ನಿ.

ಹೆಚ್ಚಿನವರು ಮರೆಯುವುದು ಅರ್ಥಿಂಗ್ ಪಟ್ಟಿ. ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಯ ಮೈನಸ್ಸಿಗೆ ಹೋಗುವ ಆ ತಾಮ್ರದ ಪಟ್ಟಿ ಮಳೆಗಾಲದಲ್ಲಿ ಹಸಿರು ಹಿಡಿದು ಕರೆಂಟನ್ನು ತಡೆಯುತ್ತದೆ. ದೀಪ ಝಗಝಗ ಉರಿಯುತ್ತದೆ, ಸೆಲ್ಫ್ ಮಾತ್ರ "ಟಕ್" ಎಂದು ಸುಮ್ಮನಾಗುತ್ತದೆ. ಪರೀಕ್ಷೆ ಸುಲಭ: ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿಸಿ ಸೆಲ್ಫ್ ಹೊಡೆಯಿರಿ. ಜೋರಾಗಿ ತಿರುಗಿದರೆ ತಪ್ಪೆಲ್ಲ ಪಟ್ಟಿಯದ್ದು. ಟರ್ಮಿನಲ್ಲಿನ ಬಿಳಿ ಪುಡಿಗೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಸಾಕು. ಸೆಲ್ಲಿನ ಮುಚ್ಚಳ ಬಿಗಿದಿರಲಿ, ಸೋಡಾ ಒಳಗೆ ಹೋಗಕೂಡದು. ತೊಳೆದು, ಉಜ್ಜುವ ಕಾಗದದಿಂದ ತಿಕ್ಕಿ, ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಬೇರೆ ಗಾಡಿಯಿಂದ ಜಂಪ್ ಕೊಡುವವರು ಒಂದು ಮಾತು ನೆನಪಿಡಬೇಕು: ಪಿಕಪ್, ಟ್ರ್ಯಾಕ್ಟರ್ 12 ವೋಲ್ಟಿನವು, ದೊಡ್ಡ ಲಾರಿ 24 ವೋಲ್ಟಿನದು. ಲಾರಿಯ ಎರಡೂ ಬ್ಯಾಟರಿಗೆ ಸೇರಿಸಿ ಕೊಟ್ಟರೆ ವೈರಿಂಗ್, ಆಲ್ಟರ್ನೇಟರ್ ಸುಡುತ್ತವೆ. ಕೊನೆಯ ಕರಿ ಕ್ಲಿಪ್ಪನ್ನು ಇಳಿದ ಬ್ಯಾಟರಿಗೆ ಹಚ್ಚದೆ ಎಂಜಿನ್ ಲೋಹಕ್ಕೆ ಹಚ್ಚಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತಿರುತ್ತದೆ, ಒಂದು ಕಿಡಿಗೆ ಸಿಡಿಯುತ್ತದೆ. ಬೀಡಿ ಹಚ್ಚಿಕೊಂಡು ಬಗ್ಗಿ ನೋಡುವವರನ್ನು ದೂರ ಕಳಿಸಿ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಹಿಂದೆ ಹೋಗಿ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಹೊತ್ತುತ್ತಿಲ್ಲ: ಹೀಟರ್ ಪ್ಲಗ್ ಸತ್ತಿರಬಹುದು, ಕಂಪ್ರೆಶನ್ ಕಡಿಮೆಯಾಗಿರಬಹುದು. ಈ ಒಂದು ನೋಟದಿಂದ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ನಿಂತ ಗಾಡಿಗಳಲ್ಲಿ ಬಹಳ ಸಲ ಕಾಣುವುದು ಹೊಗೆಯೇ ಇಲ್ಲದ ಸ್ಥಿತಿ.

ಆಗ ಪಂಪ್ ಬಿಚ್ಚುವ ಮಾತೇ ಬೇಡ. ಮೊದಲು ಪಂಪಿನ ಸ್ಟಾಪ್ ಲಿವರ್ ಕೈಯಿಂದ ಆಡಿಸಿ. ಬಂದ್ ಮಾಡಿದ ಜಾಗದಲ್ಲೇ ತುಕ್ಕು ಹಿಡಿದು ಕೂತಿದ್ದರೆ ಎಷ್ಟು ಸೆಲ್ಫ್ ಹೊಡೆದರೂ ಡೀಸೆಲ್ ಬಾರದು. ಎರಡು ಹನಿ ಆಯಿಲ್, ನಾಲ್ಕು ಸಲ ಹಿಂದೆ ಮುಂದೆ, ಅಷ್ಟೇ. ಸ್ಟಾಪ್ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ದಾರಿ ತೆರೆಯುವ ಭಾಗ) ಇರುವ ಪಂಪಾದರೆ ಕೀಲಿ ಆನ್ ಮಾಡಿದಾಗ ಸಣ್ಣಗೆ "ಟಿಕ್" ಎನ್ನಬೇಕು. ಸದ್ದಿಲ್ಲದಿದ್ದರೆ ಅದರ ವೈರಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ, ಇಲಿ ಕಡಿದದ್ದು ಇಲ್ಲೇ ಸಿಗಬಹುದು.

ಇದೂ ಸರಿಯಿದ್ದರೆ ಹೆಚ್ಚಾಗಿ ಲೈನು ಏರ್ ಹಿಡಿದಿರುತ್ತದೆ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಒಣಗಿ ಬಿರಿದು, ಬೋಲ್ಟುಗಳ ತಾಮ್ರದ ವಾಷರ್ ಗಟ್ಟಿಯಾಗಿ, ಸಂದಿನಿಂದ ಗಾಳಿ ಹೊಕ್ಕು ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿದಿರುತ್ತದೆ. ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಹೋಗಬಲ್ಲದು, ಆದ್ದರಿಂದ ಪೈಪು ಒಣಗಿ ಕಂಡರೆ ಮೋಸಹೋಗಬೇಡಿ. ಟ್ಯಾಂಕಿನಲ್ಲಿ ಕಾಲು ಭಾಗವಾದರೂ ಡೀಸೆಲ್ ಇಟ್ಟುಕೊಂಡು, ಫಿಲ್ಟರ್ ತಲೆಯ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತ ಹೋಗಿ. ಪೂರ್ತಿ ಖಾಲಿಯಾದ ಲೈನಿಗೆ ಮೂವತ್ತು ನಲವತ್ತು ಸಲ ಒತ್ತಬೇಕಾದೀತು. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಕೈ ಬಿಟ್ಟು ಬಿಗಿದರೆ ಗಾಳಿ ಮತ್ತೆ ಒಳಗೆ. ಪಂಪಿನ ಏರ್ ಸ್ಕ್ರೂಗೂ ಇದೇ ರೀತಿ. ನಂತರ ನಾಜಲ್ ಪೈಪುಗಳ ನಟ್ಟನ್ನು ಅರ್ಧದಿಂದ ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹತ್ತು ಸೆಕೆಂಡ್ ಸೆಲ್ಫ್ ಹೊಡೆದರೆ ಡೀಸೆಲ್ ಚಿಮ್ಮುತ್ತದೆ. ಬಿಗಿದು ಚಾಲೂ ಮಾಡಿ. ಸೆಲ್ಫಿಗೆ ಒಮ್ಮೆಗೆ ಹತ್ತು ಸೆಕೆಂಡ್, ನಡುವೆ ಒಂದು ನಿಮಿಷ ಬಿಡುವು. ಈ ಲೆಕ್ಕ ಮೀರಬಾರದು.

ಚಾಲೂ ಆಗಿ ಒಂದು ನಿಮಿಷಕ್ಕೇ ಬಂದ್ ಬಿದ್ದರೆ ಗಾಳಿ ಇನ್ನೂ ಹೊಗುತ್ತಿರಬಹುದು, ಇಲ್ಲವೇ ಡೀಸೆಲ್ ಬರುವ ದಾರಿ ಕಟ್ಟಿರಬಹುದು. ಐದು ಲೀಟರ್ ಡಬ್ಬಿಯಲ್ಲಿ ಸ್ವಚ್ಛ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿಟ್ಟು, ಪೈಪಿನಿಂದ ನೇರ ಫೀಡ್ ಪಂಪಿಗೆ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪು) ಕೊಡಿ. ಆಗ ಸರಾಗ ಓಡಿದರೆ ದೋಷ ಟ್ಯಾಂಕಿನಿಂದ ಪಂಪಿನ ತನಕದ ಪೈಪಿನಲ್ಲೋ, ಟ್ಯಾಂಕಿನ ಜಾಳಿಗೆಯಲ್ಲೋ, ಮುಚ್ಚಳದ ಗಾಳಿ ತೂತಿನಲ್ಲೋ ಇದೆ. ಪಂಪ್ ರಿಪೇರಿಯ ಖರ್ಚು ಉಳಿಯಿತು.

ಮೇಲಿನದೆಲ್ಲ ಮೆಕ್ಯಾನಿಕಲ್ ಪಂಪಿನ ಹಳೆಯ ಗಾಡಿಗಳಿಗೆ. ಕಾಮನ್ ರೇಲ್ (ಕಂಪ್ಯೂಟರ್ ನಿಯಂತ್ರಣದ ಹೊಸ ಬಗೆಯ) ಗಾಡಿಯ ನಾಜಲ್ ಪೈಪನ್ನು ಎಂದಿಗೂ ಸಡಿಲಿಸಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೈ ಕತ್ತರಿಸುವ ಪ್ರಸಂಗ ಬರಬಹುದು. ಅಂಥ ಗಾಡಿಗೆ ಹ್ಯಾಂಡ್ ಪಂಪ್ ಒತ್ತುವವರೆಗೆ ಮಾತ್ರ ನಮ್ಮ ಕೆಲಸ.

ನೀರಿನ ಮಾತೂ ಇದೆ. ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ಮಳೆಗಾಲದಲ್ಲಿ ತೇವ ಕಟ್ಟಿ ಹನಿ ಇಳಿಯುತ್ತದೆ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ, ನೀರು ಸುಮಾರು 1000. ಹಾಗಾಗಿ ನೀರು ತಳಕ್ಕೆ ಕೂರುತ್ತದೆ. ಫಿಲ್ಟರ್ ತಳದ ಡ್ರೇನ್ ಬಿಚ್ಚಿ ಒಂದು ಗಾಜಿನ ಬಾಟ್ಲಿಗೆ ಹಿಡಿದು ಹತ್ತು ನಿಮಿಷ ಬಿಡಿ, ಗೆರೆ ಕಾಣುತ್ತದೆ. ಕಪ್ಪು ಲೋಳೆ ಬಂದರೆ ಟ್ಯಾಂಕ್ ಇಳಿಸಿ ತೊಳೆಸಿ, ಫಿಲ್ಟರ್ ಬದಲಿಸಿ. ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಎಣ್ಣೆ, ನೀರು ಹೋದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ.

ಎರಡು ಕೆಟ್ಟ ರೂಢಿಗಳನ್ನು ಬಿಡಬೇಕೆಂದು ಕೈಮುಗಿದು ಕೇಳುತ್ತೇನೆ. ಒಂದು, ಏರ್ ಫಿಲ್ಟರ್ ಬಿಚ್ಚಿ ಪೆಟ್ರೋಲ್ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು. ಹೀಟರ್ ಪ್ಲಗ್ ಕೆಂಪಾಗಿರುವಾಗ ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ರಿಂಗ್, ಪಿಸ್ಟನ್ ಮುರಿಯುತ್ತದೆ. ಬಟ್ಟೆಗೆ ಬೆಂಕಿ ತಗುಲಿದರೆ ಹಿಡಿದವನ ಕೈ ಮುಖ ಸುಡುತ್ತದೆ. ಇನ್ನೊಂದು, ಟ್ರ್ಯಾಕ್ಟರಿನಿಂದ ಎಳೆಸುವುದು. ಎಂಜಿನ್ ಓಡದಿದ್ದರೆ ಬ್ರೇಕಿನ ವ್ಯಾಕ್ಯೂಮ್ ಇರುವುದಿಲ್ಲ, ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿ. ಗಾಡಿ ಫಕ್ಕನೆ ಚಾಲೂ ಆದರೆ ಮುಂದಿನ ಟ್ರ್ಯಾಕ್ಟರಿಗೇ ಗುದ್ದುತ್ತದೆ. ಡೀಸೆಲ್ಲೇ ಬಾರದ ಗಾಡಿಯನ್ನು ಅಣ್ಣಿಗೇರಿಯಿಂದ ಹುಬ್ಬಳ್ಳಿಯ ತನಕ ಎಳೆದರೂ ಅದು ಚಾಲೂ ಆಗುವುದಿಲ್ಲ.

ನಿಲ್ಲಿಸುವಾಗಲೇ ಟ್ಯಾಂಕ್ ತುಂಬಿಸಿ, ಮೈನಸ್ ಟರ್ಮಿನಲ್ ಬಿಚ್ಚಿ, ಹ್ಯಾಂಡ್ ಬ್ರೇಕ್ ಹಾಕದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟುವುದೂ ತಪ್ಪುತ್ತದೆ. ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ರಸ್ತೆಯ ಮೇಲೆ ಓಡಿಸಿ. ನಿಂತಲ್ಲೇ ಐದು ನಿಮಿಷ ಗುರುಗುಟ್ಟಿಸಿದರೆ ಸೆಲ್ಫಿಗೆ ಖರ್ಚಾದದ್ದೂ ಬ್ಯಾಟರಿಗೆ ಮರಳಿ ತುಂಬುವುದಿಲ್ಲ. ಖಂಡೇಪೂಜೆಗೆ ಗಾಡಿ ತೊಳೆಯುವಾಗ ಪ್ರೆಶರ್ ನೀರನ್ನು ಆಲ್ಟರ್ನೇಟರ್, ಸೆಲ್ಫ್, ಫ್ಯೂಸ್ ಡಬ್ಬಿಗೆ ಹೊಡೆಯಬೇಡಿ.

ಹುಬ್ಬಳ್ಳಿ, ಗದಗ, ಬ್ಯಾಡಗಿ ಎಪಿಎಂಸಿಗಳು ಸುಗ್ಗಿಗೆ ಹದಿನೈದು ದಿನ ಮೊದಲು ಪ್ರಾಂಗಣದಲ್ಲಿ ಒಂದು ದಿನದ ತಪಾಸಣೆ ಇಟ್ಟರೆ ದೊಡ್ಡ ಉಪಕಾರ. ಐಟಿಐಗಳ ಡೀಸೆಲ್ ಮೆಕ್ಯಾನಿಕ್ ವಿಭಾಗದ ಹುಡುಗರನ್ನು ಕರೆದರೆ ಅವರಿಗೂ ಕೈ ಪಳಗುತ್ತದೆ. ಬೇಕಾದ ಸಾಮಾನು ಇಷ್ಟೇ: ಎರಡು ಮಲ್ಟಿಮೀಟರ್, ಒಂದು ಹೈಡ್ರೋಮೀಟರ್, ಜಂಪರ್ ಕೇಬಲ್, ಪಾನಾ ಸೆಟ್, ಮೂರ್ನಾಲ್ಕು ಮೀಟರ್ ಡೀಸೆಲ್ ಪೈಪು, ಒಂದು ಪೊಟ್ಟಣ ತಾಮ್ರದ ವಾಷರ್.

— ಡೀಸೆಲ್ ಮೆಕ್ಯಾನಿಕ್, ಗದಗ